ಒಂದೇ ತಾಯಿಯ ಪಾತರಗಿತ್ತಿಗಳು

ನಮ್ಮ ಹೊಸಪೇಟೆ ಮನೆಯ ಹಿತ್ತಲಲ್ಲಿ ಒಂದು ನಿಂಬೆಗಿಡ, ಅದರ ಪಕ್ಕಕ್ಕೆ ಒಂದು ಕರಿಬೇವಿನ ಗಿಡ ಇದ್ದವು. ಹಿತ್ತಲ ಗೋಡೆ ದಾಟಿದರೆ ಕಾಲುವೆ. ವಿಜಯನಗರದ ಅರಸರು ತೋಡಿಸಿದ್ದು ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು, ತಾವೇ ಬಿಸಿಲಲ್ಲಿ ನಿಂತು ತೋಡಿಸಿದ ಹಾಗೆ. ಅವರು ಮದರಾಸು ಸರ್ಕಾರದ ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಯಾವ ಗದ್ದೆಗೆ ಯಾವಾಗ ನೀರು, ಯಾವ ತೂಬು ಯಾವಾಗ ಮುಚ್ಚಬೇಕು ಎಂದು ಕಚೇರಿಯಲ್ಲಿ ಖಡಾಖಂಡಿತ ಹೇಳುತ್ತಿದ್ದ ಮನುಷ್ಯ ಮನೆಗೆ ಬಂದರೆ ಯಾವುದಕ್ಕೂ ಹೌದು ಅಲ್ಲ ಅನ್ನುತ್ತಿರಲಿಲ್ಲ. ಎಲ್ಲವನ್ನೂ ಅವ್ವನ ಬಾಯಿಗೆ ಬಿಟ್ಟಿದ್ದರು. ಅವ್ವನ ಬಾಯಿ ಸಾಮಾನ್ಯದ್ದಲ್ಲ. ನನಗೆ ಬಂದಿರುವುದೂ ಅದೇ ಬಾಯಿ.

ಆ ಎರಡೂ ಗಿಡಗಳಲ್ಲಿ ಬೇಸಿಗೆಯಲ್ಲೂ ಒಂದೆರಡು ಹುಳ ಇರುತ್ತಿದ್ದವು, ಮಳೆಗಾಲ ಶುರುವಾದರೆ ವಿಪರೀತ ಬೀಳುತ್ತಿದ್ದವು. ಮೊದಮೊದಲು ನೋಡಿದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಅನ್ನಬೇಕು, ಹಾಗಿರುತ್ತಿದ್ದವು. ತಿಂದು ಬಲಿತ ಮೇಲೆ ಎಲೆಯದೇ ಹಸಿರು ಬಣ್ಣ. ಮುಟ್ಟಿದರೆ ತಲೆಯಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತಿದ್ದವು. ಅವ್ವನಿಗೆ ಅವನ್ನು ಕಂಡರೆ ಮೈಯೆಲ್ಲ ಉರಿ. "ಸಾರಿಗೆ ಒಗ್ಗರಣಿ ಹಾಕೋಣಂದ್ರ ಒಂದು ಎಸಳು ಕರಿಬೇವಿಲ್ಲ, ಇವಕ್ಕ ಮಾತ್ರ ದಿನಾ ಹಬ್ಬ" ಎಂದು ಕಡ್ಡಿಯಿಂದ ಕೆಡವಿ, ಒಲೆಯ ಬೂದಿಯಲ್ಲಿ ಹೊರಳಿಸಿ ಕಾಲುವೆಗೆ ಎಸೆಯುತ್ತಿದ್ದಳು.

ಅಕ್ಕನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ನನಗಿಂತ ಐದು ವರ್ಷ ದೊಡ್ಡವಳು, ಆದರೂ ಇರುವೆ ಸಾಲು ಕಂಡರೆ ದಾಟಿ ಕಾಲಿಡುವ ಹುಡುಗಿ. ಅವ್ವ ಹಿತ್ತಲಿಗೆ ಬರುವ ಮೊದಲೇ ಎದ್ದು ಹುಳಗಳನ್ನು ಟೊಂಗೆಯ ಸಮೇತ ಮುರಿದು ತಂದುಬಿಡುತ್ತಿದ್ದಳು. ದನದ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಬಿದಿರಿನ ಬುಟ್ಟಿ, ಅದರ ಬಾಯಿಗೆ ಅವ್ವನ ಹರಿದ ಸೀರೆಯ ತುಂಡು. ಅದು ಅವಳ ಹುಳದ ಮನೆ. ದಿನಾ ಎಳೆ ಎಲೆ ಹಾಕುವುದು, ಹಿಕ್ಕೆ ತೆಗೆಯುವುದು. "ನೋಡ್ರಿ, ಹುಳಕ್ಕ ಬಾಣಂತನ ಮಾಡ್ಲಿಕ್ಕತ್ತಾಳ ನಿಮ್ಮ ಮಗಳು" ಎಂದು ಅವ್ವ ಅಪ್ಪನಿಗೆ ಕೇಳುವ ಹಾಗೆ ಆಡಿಕೊಳ್ಳುತ್ತಿದ್ದಳು. ಆದರೆ ಬುಟ್ಟಿ ಎತ್ತಿ ಎಸೆಯಲಿಲ್ಲ. ಗಂಡನ ಮನೆಗೆ ಹೋಗಲಿರುವ ಹುಡುಗಿ, ಇನ್ನೆಷ್ಟು ದಿನ ಆಡೀತು ಎಂದು ಸುಮ್ಮನಿದ್ದಳು.

ಅಕ್ಕನಿಗೆ ಆಗಲೇ ಮದುವೆಯಾಗಿತ್ತು. ಆ ಕಾಲದಲ್ಲಿ ನಮ್ಮ ವೈಷ್ಣವರ ಮನೆಗಳಲ್ಲಿ ಹೆಣ್ಣು ಮೈನೆರೆಯುವ ಮೊದಲೇ ತಾಳಿ ಕಟ್ಟಿಸಿ, ಮೈನೆರೆದ ಮೇಲೆ ಪ್ರಸ್ತ ಎಂಬ ಶಾಸ್ತ್ರ ಮಾಡಿ ಗಂಡನ ಮನೆಗೆ ಕಳಿಸುತ್ತಿದ್ದರು. ಹಂಪಿಯಲ್ಲಿ ಹೊಳೆಯ ದಂಡೆಯ ಛತ್ರದಲ್ಲಿ ಅವಳ ಮದುವೆಯಾದಾಗ ನಾನು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದೆನಂತೆ. ಗಂಡನ ಮನೆಯವರು ಕಂಪ್ಲಿಯವರು. ಬಾಳೆ, ಕಬ್ಬು, ಆಲೆಮನೆ ಇದ್ದ ಮನೆತನ. ಭಾವ ಬಳ್ಳಾರಿಯಲ್ಲಿ ಓದುತ್ತಿದ್ದರು. ಅವರ ಪರೀಕ್ಷೆ ಮುಗಿಯಲಿ, ಆಮೇಲೆ ಪ್ರಸ್ತ ಎಂದು ಕಂಪ್ಲಿಯವರು ಮುಂದೂಡಿದ್ದರು. ಭಾವ ದೀಪಾವಳಿಗೆ ಒಮ್ಮೆ ಬಂದಾಗ ಬಾಳೆಲೆಯಿಂದ ಮುಖ ಎತ್ತದೆ ಉಂಡು, ಕೊನೆಗೆ, "ನಿಂಬಿಕಾಯಿ ಉಪ್ಪಿನಕಾಯಿ ಯಾರು ಹಾಕಿದ್ದು? ಭಾಳ ಚಲೋ ಅದ" ಎಂದರು. ಹಾಕಿದ್ದು ಅಕ್ಕ. ಆ ಒಂದು ಮಾತನ್ನು ಅವಳು ಎಷ್ಟು ದಿನ ಚಪ್ಪರಿಸಿದಳೋ! ನಾನು ಭಾವನ ಹಾಗೆ ತಲೆ ತಗ್ಗಿಸಿ ದನಿ ಮಾಡಿ ಅದನ್ನೇ ಹೇಳಿದರೆ ಹೊಡೆಯಲು ಅಟ್ಟಿಸಿಕೊಂಡು ಬರುತ್ತಿದ್ದಳು, ನಗುತ್ತ. ಕಂಪ್ಲಿಗೆ ಹೋಗಬೇಕೆಂಬ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಊರ ಜನ ಅವಳನ್ನು ಸಂಸಾರ ಬೇಡವಾದವಳು ಅಂದರು. ಅಂದವರ ಬಾಯಿಗೆ ಹುಳ ಬೀಳಲಿ.

ಅವಳ ಬುಟ್ಟಿಯಿಂದ ಎದ್ದು ಬರುತ್ತಿದ್ದ ಚಿಟ್ಟೆಗಳಲ್ಲಿ ಎರಡು ಬಗೆ. ನಮ್ಮ ಕಡೆ ಚಿಟ್ಟೆಗೆ ಪಾತರಗಿತ್ತಿ ಅನ್ನುತ್ತೇವೆ. ಒಂದು ಪಾತರಗಿತ್ತಿ ಪೂರ್ತಿ ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಒಂದು ಸಾಲು. ಇನ್ನೊಂದಕ್ಕೂ ಮೈ ಕಪ್ಪೇ, ಆದರೆ ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲೆಲ್ಲ ಕೆಂಪು ಬೊಟ್ಟು. ನಾವು ಒಂದನ್ನು ಬಿಳಿಸಾಲಿನದು, ಇನ್ನೊಂದನ್ನು ಕುಂಕುಮದ್ದು ಎಂದು ಕರೆಯುತ್ತಿದ್ದೆವು. ಎರಡೂ ಬೇರೆ ಬೇರೆ ಜಾತಿಯೆಂದೇ ನಮ್ಮ ಎಣಿಕೆ. ಒಂದೇ ಗಿಡಕ್ಕೆ ಗುಬ್ಬಿಯೂ ಬರುತ್ತದೆ, ಗಿಳಿಯೂ ಬರುತ್ತದೆ ಅಲ್ಲವೇ. ಅಕ್ಕನನ್ನು ಕಾಡುತ್ತಿದ್ದದ್ದು ಒಂದೇ: ಹುಳವಾಗಿದ್ದಾಗ ಯಾವುದು ಯಾವುದರ ಮರಿ ಎಂದು ಗುರುತು ಸಿಗುತ್ತಿರಲಿಲ್ಲ. ಎಷ್ಟು ಬಗ್ಗಿ ನೋಡಿದರೂ ಅದೇ ಹಸಿರು, ಅದೇ ಕೊಂಬು.

ಒಂದು ಶ್ರಾವಣದಲ್ಲಿ ಅವಳು ಉಪಾಯ ಹೂಡಿದಳು. ಕುಂಕುಮದ್ದೊಂದು ನಿಂಬೆಯ ಚಿಗುರಿಗೆ ಬಂದು, ಹೊಟ್ಟೆ ಬಾಗಿಸಿ ತತ್ತಿ ಇಡುವುದನ್ನು ಕಾದಿದ್ದು ನೋಡಿ, ಅದು ಇಟ್ಟ ಎಲೆಗಳ ತೊಟ್ಟಿಗೆಲ್ಲ ದಾರ ಕಟ್ಟಿದಳು. ಬೇರೆ ಯಾವುದೂ ಬಂದು ಕೂರದ ಹಾಗೆ ಆ ಟೊಂಗೆಗೆ ಬಟ್ಟೆ ಮುಚ್ಚಿದಳು. ಹುಳ ಹುಟ್ಟಿದ ಮೇಲೆ ಅವಕ್ಕೆಂದೇ ಬೇರೆ ಬುಟ್ಟಿ. ಅವು ಬಲಿತು, ಕಡ್ಡಿಗಳಿಗೆ ನೂಲಿನಿಂದ ತಮ್ಮನ್ನು ತಾವೇ ಕಟ್ಟಿಕೊಂಡು ಕೋಶವಾದವು. ಆಮೇಲೆ ಒಂದು ಬೆಳಗ್ಗೆ ಒಡೆಯತೊಡಗಿದವು. ಮುದ್ದೆಯಾಗಿದ್ದ ರೆಕ್ಕೆ ಮೆಲ್ಲಗೆ ಬಿಚ್ಚಿಕೊಳ್ಳುವುದನ್ನು ನಾವಿಬ್ಬರೂ ಬಗ್ಗಿ ನೋಡಿದೆವು. ಮೊದಲನೆಯದು ಬಿಳಿಸಾಲಿನದು. ಅದರ ಪಕ್ಕದ್ದು ಕುಂಕುಮದ್ದು. ಅದರಾಚೆ ಮತ್ತೆ ಬಿಳಿಸಾಲಿನದು.

"ಇವೆಲ್ಲಾ ಒಂದ ತಾಯಿ ಮಕ್ಕಳು" ಎಂದಳು ಅಕ್ಕ.

ಅಪ್ಪ ನಂಬಲಿಲ್ಲ. "ತತ್ತಿ ಕಲಬೆರಕಿ ಆಗಿರಬೇಕು ನೋಡು" ಎಂದರು. ಅಕ್ಕ ಹಟ ಹಿಡಿದು ಇನ್ನೊಮ್ಮೆ ಮಾಡಿದಳು, ಮತ್ತೊಮ್ಮೆ ಮಾಡಿದಳು. ಹಿತ್ತಲ ಗೋಡೆಯ ಮೇಲೆ ಬಿಳಿಸಾಲಿನದೂ ಕುಂಕುಮದ್ದೂ ಜೋಡಿಯಾಗಿ ಕೂತದ್ದನ್ನು ನನ್ನನ್ನು ಕರೆದು ತೋರಿಸಿದಳು. ಕೊನೆಗೆ ಬಿಳಿಸಾಲಿನವುಗಳಲ್ಲೇ ಒಂದು ಕರಿಬೇವಿಗೆ ತತ್ತಿ ಇಡುವುದನ್ನು ಕಂಡು ಪೂರ್ತಿ ಲೆಕ್ಕ ಬಿಡಿಸಿದಳು. ಗಂಡುಗಳೆಲ್ಲ ಬಿಳಿಸಾಲಿನವೇ. ಹೆಣ್ಣುಗಳಲ್ಲಿ ಕೆಲವು ಗಂಡಿನದೇ ವೇಷ ತೊಟ್ಟು ಬರುತ್ತವೆ, ಕೆಲವು ಕುಂಕುಮ ಇಟ್ಟುಕೊಂಡು ಬರುತ್ತವೆ. ಜಾತಿ ಒಂದೇ.

"ಅದರಾಗ ಗಂಡು ಎಷ್ಟು ಶಾಣ್ಯಾ ನೋಡು" ಎಂದು ನಕ್ಕಳು. "ಮೈಬಣ್ಣ ಕೇಳಂಗಿಲ್ಲ. ತನ್ನಂಗ ಇರಾಕಿ ಆದ್ರೂ ಸೈ, ಚುಕ್ಕಿ ಇರಾಕಿ ಆದ್ರೂ ಸೈ, ಬೆನ್ನು ಹತ್ತಿಬಿಡ್ತದ." ಅಪ್ಪ ಆವತ್ತು ಮಗಳ ತಲೆ ಸವರಿ, "ನೀ ಗಂಡಾಗಿ ಹುಟ್ಟಬೇಕಿತ್ತಲೇ" ಎಂದರು. ಹೊಗಳಿಕೆ ಎಂದೇ ಅಂದದ್ದು. ಅಕ್ಕ ಸಂಜೆಯವರೆಗೆ ಅವರ ಜೊತೆ ಮಾತಾಡಲಿಲ್ಲ.

ಅದೇ ವರ್ಷ ಕಾರ್ತಿಕದ ಒಂದು ಶುಕ್ರವಾರ, ಅವ್ವ ನಮ್ಮಿಬ್ಬರ ಕಾಲಿಗೂ ಅರಿಶಿನ ಹಚ್ಚುತ್ತ ಕೂತಿದ್ದಳು. ಅಕ್ಕನ ಹಿಮ್ಮಡಿಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಕಂಡಿತು. ರಂಗೋಲಿ ಹಿಟ್ಟು ಅಂಟಿರಬೇಕೆಂದು ಅವ್ವ ಬೆರಳಿಗೆ ಎಂಜಲು ಹಚ್ಚಿ ಒರೆಸಿದಳು. ಹೋಗಲಿಲ್ಲ. ಸೆರಗಿನಿಂದ ತಿಕ್ಕಿದಳು. ಸುತ್ತಲಿನ ಚರ್ಮ ಕೆಂಪಾಯಿತು, ನಡುವಿನದು ಬಿಳಿಯಾಗಿಯೇ ಉಳಿಯಿತು. ಅವ್ವ ತಿಕ್ಕುತ್ತಲೇ ಇದ್ದಳು. "ಅವ್ವಾ, ಉರೀತದ" ಎಂದು ಅಕ್ಕ ಕಾಲು ಎಳೆದುಕೊಂಡಳು. ಅಷ್ಟು ದೊಡ್ಡ ಬಾಯಿಯ ನಮ್ಮವ್ವ ಆವತ್ತು ಒಂದು ಮಾತೂ ಆಡಲಿಲ್ಲ.

ಬೇಸಿಗೆಯ ಹೊತ್ತಿಗೆ ಬಲಗೈಯ ಮೇಲೆ, ಮೊಣಕೈಯ ಹತ್ತಿರ, ಕತ್ತಿನ ಹಿಂದೆ ಬಿಳಿ ಬಂತು. ತೊನ್ನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, 'ಅದು' ಎಂದೇ ಅನ್ನುತ್ತಿದ್ದೆವು. ಹಂಪಿಯ ಕಡೆಯಿಂದ ಒಬ್ಬ ಪಂಡಿತ ಬಂದ. ಬಾವಂಚಿ ಬೀಜವನ್ನು ಗೋಮೂತ್ರದಲ್ಲಿ ಅರೆದು ಹಚ್ಚಿ ಮಧ್ಯಾಹ್ನದ ಬಿಸಿಲಿಗೆ ಕೂರಿಸಿ ಎಂದ. ನಮ್ಮೂರ ವೈಶಾಖದ ಬಿಸಿಲು ಕಂಡವರಿಗೆ ಗೊತ್ತು, ಅದರಲ್ಲಿ ಬರಿಗಾಲಲ್ಲಿ ಹಿತ್ತಲು ದಾಟಲಾಗುವುದಿಲ್ಲ. ಅಂಥ ಬಿಸಿಲಿಗೆ ಕೈ ಚಾಚಿಕೊಂಡು ಅಕ್ಕ ಕೂರುತ್ತಿದ್ದಳು. ಬಿಳಿ ಇದ್ದಲ್ಲೆಲ್ಲ ಬೊಬ್ಬೆ ಎದ್ದು ಒಡೆದು ನೀರು ಸೋರಿತು. ನಾನು ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತರೆ, "ಗಾಳಿ ಹಾಕಬ್ಯಾಡ, ಇನ್ನಾ ಉರೀತದ. ಹುಳಕ್ಕ ಎಲಿ ಹಾಕಿದೇನು, ಅದನ್ನ ನೋಡು ಹೋಗು" ಎಂದು ನನ್ನನ್ನು ಕಳಿಸುತ್ತಿದ್ದಳು. ಅವಳು ಅಳುವುದನ್ನು ನಾನು ನೋಡಬಾರದೆಂದು ಹಾಗೆ ಮಾಡುತ್ತಿದ್ದಳು. ನಾನು ಕೊಟ್ಟಿಗೆಯಲ್ಲಿ ಕೂತು ಅಳುತ್ತಿದ್ದೆ. ಆ ಪಂಡಿತನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಔಷಧಿ ಸೋತಿತು, ವಿಭೂತಿ ಮುಟ್ಟದ ವೈಷ್ಣವರಾಗಿದ್ದೂ ಅಪ್ಪ ಹರಕೆ ಹೊತ್ತರು. ಸಂಡೂರಿನ ಕುಮಾರಸ್ವಾಮಿ ಚರ್ಮದ ಕಾಯಿಲೆ ಕಳೆಯುತ್ತಾನೆ, ಆ ಬೆಟ್ಟದ ವಿಭೂತಿ ಹಚ್ಚಿದರೆ ಆಗುತ್ತದೆ ಎಂದು ಯಾರೋ ಅಂದಿದ್ದರು. ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋದೆವು. ಅದಿರು ಹೇರಿಕೊಂಡು ಎದುರಿಗೆ ಬರುತ್ತಿದ್ದ ಗಾಡಿಗಳ ಕೆಂಧೂಳಿಗೆ ನಮ್ಮ ಸೀರೆ, ಎತ್ತು, ಬುತ್ತಿಯ ಗಂಟು ಎಲ್ಲ ಒಂದೇ ಬಣ್ಣವಾದವು. ಸಂಡೂರು ಸಂಸ್ಥಾನದ ಸುಂಕದ ಕಟ್ಟೆ ದಾಟಿ, ಮಳೆ ಬಿದ್ದು ಹಸಿರೆದ್ದ ಬೆಟ್ಟ ಹತ್ತಿದೆವು. ಆದರೆ ಆ ದೇವರನ್ನು ಹೆಂಗಸರು ನೋಡುವಂತಿಲ್ಲ. ರೋಗ ಹೆಣ್ಣಿಗೆ, ಹೋಗಿ ಬೇಡಿಕೊಂಡವರು ಅಪ್ಪ. ನಾವು ಮೂವರೂ ಹೊರಗೆ ಮರದ ಕೆಳಗೆ ಕೂತೆವು.

ಅಲ್ಲಿ ಅಕ್ಕನಿಗೆ ಮೂರನೆಯ ವೇಷ ಕಂಡಿತು. ಮುಂದಿನ ರೆಕ್ಕೆ ಮಾಸಿದ ಬೂದು ಗೆರೆ, ಹಿಂದಿನ ರೆಕ್ಕೆಯಲ್ಲಿ ಬಿಳಿಯೇ ಇಲ್ಲ, ಬರೀ ಕೆಂಪು ಚುಕ್ಕೆಗಳ ಸಾಲು. ಅದು ಒಂದು ಕಾಡುನಿಂಬೆಯ ಗಿಡಕ್ಕೆ ಹೋಗಿ ಹೊಟ್ಟೆ ಬಾಗಿಸಿತು. ಅಕ್ಕ ಎದ್ದವಳೇ ಓಡಿದಳು. ಬೊಬ್ಬೆ ಒಣಗಿದ ಕೈ, ಕೆದರಿದ ಜಡೆ, ಅದರ ಹಿಂದೆ ಗಿಡದಿಂದ ಗಿಡಕ್ಕೆ ಹಾರುವಂತೆ ಹೋದ ಅವಳನ್ನು ನೋಡಿ ಅವ್ವ ಕೂಡ ಬಯ್ಯುವುದನ್ನು ಮರೆತಳು. ಅಷ್ಟು ಸಂತೋಷವಾಗಿದ್ದ ಅಕ್ಕನನ್ನು ನಾನು ಕಂಡದ್ದು ಅದೇ ಕೊನೆ. ತತ್ತಿ ಇದ್ದ ಎಲೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಅಪ್ಪ ಇಳಿದು ಬಂದು ವಿಭೂತಿಯ ಉಂಡೆ ಕೊಟ್ಟರೆ, "ಬಿಳಿ ಮ್ಯಾಲೆ ಬಿಳಿ ಹಚ್ಕೋಬೇಕಾ ಅಪ್ಪಾ?" ಎಂದಳು. ಅಪ್ಪ ನಗಲಿಲ್ಲ. ಆ ತತ್ತಿಗಳಿಂದ ಎದ್ದವುಗಳಲ್ಲಿ ಬಿಳಿಸಾಲಿನವೂ ಇದ್ದವು, ಹೊಸ ವೇಷದ್ದೂ ಇತ್ತು. ವಿಭೂತಿಯಿಂದ ಏನೂ ಆಗಲಿಲ್ಲ.

ಕಂಪ್ಲಿಗೆ ಸುದ್ದಿ ಮುಟ್ಟಿತು. ಇಂಥ ಸುದ್ದಿ ಮುಟ್ಟದೆ ಇರುತ್ತದೆಯೇ? ಒಂದು ಬೆಳಗ್ಗೆ ಭಾವನ ತಾಯಿಯೂ ಆ ತಾಯಿಯ ಅಣ್ಣನೂ ಬಂದರು. ಹಣ್ಣಿಲ್ಲ, ಹೂವಿಲ್ಲ. ಕಾಲಿಗೆ ನೀರು ಕೊಟ್ಟರೆ ತೊಳೆಯಲಿಲ್ಲ, ಕುಡಿಯಲು ಕೊಟ್ಟರೆ ಮುಟ್ಟಲಿಲ್ಲ.

"ಕೈ ತೋರಸವ್ವ" ಎಂದರು ಅಕ್ಕನ ಅತ್ತೆ. ಅಕ್ಕ ತೋರಿಸಿದಳು. ಅವರು ನೋಡಿ ಕಣ್ಣು ಮುಚ್ಚಿಕೊಂಡರು. ಅವರು ದುಷ್ಟರೇನಲ್ಲ, ಕಣ್ಣಲ್ಲಿ ನೀರಿತ್ತು. ಆದರೆ ನೀರು ತುಂಬಿದ ಕಣ್ಣಿಂದಲೇ ಅವರು ಅಪ್ಪನ ಕಡೆ ತಿರುಗಿ ಹೇಳಿದರು: "ಸಂಬಂಧ ಮುರಕೊಳ್ಳೋದು ನಮಗೂ ಮನಸಿಲ್ಲ್ರಿ. ಸಣ್ಣಾಕಿನ್ನ ಕೊಟ್ಟುಬಿಡ್ರಿ. ಬೇಕಾದ್ರ ಹಿರೇಕಿನೂ ಬಂದು ಒಂದು ಮೂಲ್ಯಾಗ ಇರ್ಲಿ, ಬ್ಯಾಡನ್ನಂಗಿಲ್ಲ."

ಸಣ್ಣಾಕಿ ಅಂದರೆ ನಾನು. ಬಾಗಿಲ ಸಂದಿಯಲ್ಲಿ ನಿಂತು ಹುಣಸೆಹಣ್ಣು ಚೀಪುತ್ತಿದ್ದೆ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಒಳಗೆ ಹೋಗಿ ದೇವರ ಮುಂದೆ ನಿಂತು ಬಂದು ಹೂಂ ಅಂದಳು. ಅಪ್ಪ ಕಾಲುವೆಯ ಕಡೆ ಮುಖ ಮಾಡಿ ಕೂತಿದ್ದರು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಪ್ಪನಲ್ಲಿ ನಾನು ಕ್ಷಮಿಸದೆ ಉಳಿಸಿಕೊಂಡಿರುವುದು ಆ ಒಂದು ಗಳಿಗೆ.

ನಮ್ಮವರಲ್ಲಿ ಒಂದು ಪದ್ಧತಿ ಇತ್ತು. ಮೊದಲನೆಯ ಹೆಂಡತಿ ಬದುಕಿರುವಾಗ ಎರಡನೆಯ ಮದುವೆ ಮಾಡಬೇಕಾದರೆ ಅವಳೇ ತನ್ನ ಕೈಯಾರೆ ಅತ್ತೆಗೆ ತಾಂಬೂಲ ಕೊಡಬೇಕು, ಆಗಲೇ ಒಪ್ಪಿಗೆಯಾದ ಹಾಗೆ. ಅವ್ವ 'ಎಲೆ ಅಡಿಕೆ ತಾ' ಎಂದಳು. ಅಕ್ಕ ತಟ್ಟೆ ತಂದಳು. ಆಗ ಆ ಅತ್ತೆ ಸ್ವಲ್ಪ ಹಿಂದೆ ಸರಿದು, "ಕೈಗೆ ಸೆರಗು ಸುತ್ಕೊಂಡು ಕೊಡವ್ವ" ಎಂದರು.

ಅಕ್ಕನ ಕೈಯ ಒಪ್ಪಿಗೆ ಬೇಕು, ಕೈ ಬೇಡ. ಅಕ್ಕ ಸೆರಗು ಸುತ್ತಿಕೊಳ್ಳಲು ಹೋದವಳು ಅರ್ಧಕ್ಕೆ ನಿಲ್ಲಿಸಿದಳು.

"ಕೊಡ್ತೀನ್ರಿ ಅತ್ತಿ. ಒಂದು ಮಾತು ಕೇಳ್ಲೇನ್ರಿ?" ಎಂದಳು. "ನಾಳೆ ಇಕಿ ಮೈಮ್ಯಾಲೂ ಬಂದ್ರ, ಆವಾಗ ಯಾರನ್ನ ಒಯ್ತೀರಿ? ನಮ್ಮನ್ಯಾಗ ಮತ್ತ ಹೆಣ್ಣಿಲ್ಲ."

"ಬಾಯಿ ಮುಚ್ಚು" ಎಂದಳು ಅವ್ವ.

"ಒಂದ ತಾಯಿ ಹೊಟ್ಟಿಯವರು ನಾವು. ಯಾವ ಹುಳದಾಗ ಯಾವ ಬಣ್ಣ ಅದ ಅಂತ ರೆಕ್ಕಿ ಬಿಚ್ಚೋತನಕಾ ಯಾರಿಗೂ ಗೊತ್ತಾಗಂಗಿಲ್ಲ್ರಿ. ನಾ ಸಾಕಿ ನೋಡೀನಿ. ನೀವೂ ಇಕಿನ್ನ ಒಯ್ದು, ಸಾಕಿ, ಕಾದು ನೋಡ್ರಿ. ಬೇಕಾದ್ರ ಕೊಡ್ತೀನಿ, ತಗೋರಿ." ಬರಿಗೈಯಲ್ಲೇ ತಟ್ಟೆ ಮುಂದೆ ಚಾಚಿದಳು.

ಹುಳದ ಮಾತು ಅವರಿಗೆ ತಿಳಿಯಿತೋ ಇಲ್ಲವೋ, ಉಳಿದದ್ದು ತಿಳಿಯಿತು. ಆ ಅತ್ತೆ ನನ್ನ ಕಡೆ ನೋಡಿದ ನೋಟ ನನ್ನ ಮೈಮೇಲೆ ಇನ್ನೂ ಇದೆ. ಕೈ ನೋಡಿದರು, ಕಾಲು ನೋಡಿದರು, ಕತ್ತು ನೋಡಿದರು. ಅವರ ಅಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅವರ ಗಾಡಿ ಬೀದಿಯ ತಿರುವು ದಾಟುವವರೆಗೂ ಅಕ್ಕ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು.

ಮರುದಿನ ಕೊಟ್ಟಿಗೆಯಲ್ಲಿ ನಾನು ಕೇಳಿದೆ: "ಯಾಕಂಗಂದಿ? ನೀನೂ ಕಂಪ್ಲಿಗೆ ಹೋಗಬಹುದಿತ್ತಲ್ಲ."

"ಹೋಗಬಹುದಿತ್ತು" ಎಂದಳು. "ದಿನಾ ಅವರನ್ನ ನೋಡಬಹುದಿತ್ತು." ಆಮೇಲೆ ಬುಟ್ಟಿಯ ಹಿಕ್ಕೆ ತೆಗೆಯುತ್ತ, "ಆದ್ರ ಪ್ರತಿ ಶುಕ್ರವಾರ ನಿನ್ನ ಮೈ ತಿರುವಿ ಮುರುವಿ ನೋಡ್ತಿದ್ರು. ನನ್ನಂಗ ನಿನ್ನೂ ಬಿಸಿಲಿಗೆ ಕೂಡಸ್ತಿದ್ರು. ಅದನ್ನ ನೋಡ್ಲಿಕ್ಕ ನನ್ನ ಕೈಲಿ ಆಗ್ತಿದ್ದಿಲ್ಲ" ಎಂದಳು.

"ನನಗೂ ಬರ್ತದೇನು?"

"ಗೊತ್ತಿಲ್ಲ ನನಗ." ಸುಳ್ಳು ಸಮಾಧಾನ ಅವಳ ಬಾಯಲ್ಲಿ ಬರುತ್ತಿರಲಿಲ್ಲ.

ನನಗೆ ಬರಲಿಲ್ಲ. ಈ ಮುಪ್ಪಿನವರೆಗೂ ಬರಲಿಲ್ಲ. ಆದರೆ ಅವಳ ಮಾತು ಬೀದಿಯಿಂದ ಬೀದಿಗೆ ನಡೆದು ಎಲ್ಲರ ಮನೆ ಹೊಕ್ಕಿತು. ಒಂದೇ ತಾಯಿ ಮಕ್ಕಳು, ಸಣ್ಣದಕ್ಕೂ ಬರುತ್ತದಂತೆ, ಅಕ್ಕನೇ ಹೇಳಿದ್ದಂತೆ. ನನ್ನನ್ನು ಕೇಳಲು ಬಂದವರೆಲ್ಲ ಬಾಗಿಲಿನಿಂದಲೇ ತಿರುಗಿದರು. ಭಾವನಿಗೆ ಕಂಪ್ಲಿಯವರು ಬೇರೆ ಕಡೆಯಿಂದ ಹೆಣ್ಣು ತಂದರು. ತಾಂಬೂಲವನ್ನೂ ಯಾರೂ ಕೇಳಲಿಲ್ಲ. ಅವ್ವ ಅಕ್ಕನ ಜೊತೆ ಮಾತು ಬಿಟ್ಟಳು. ಒಂದೇ ಒಲೆಯ ಮುಂದೆ ಇಬ್ಬರೂ ಕೂತು ಅಡಿಗೆ ಮಾಡುತ್ತಿದ್ದರು. ಉಪ್ಪು ಬೇಕಾದರೆ ಅವ್ವ ನನ್ನನ್ನು ಕರೆದು, "ನಿಮ್ಮಕ್ಕನ್ನ ಉಪ್ಪು ಕೊಡು ಅನ್ನು" ಅನ್ನುತ್ತಿದ್ದಳು.

ವರ್ಷಗಳು ಕಳೆದವು. ಆದವಾನಿಯಿಂದ ಒಂದು ಮನೆಯವರು ಬಂದರು, ದೂರದವರು, ಹತ್ತಿಯ ವ್ಯಾಪಾರದವರು. ನನ್ನನ್ನು ನೋಡಿ ಒಪ್ಪಿದರು. ಹುಡುಗನ ತಾಯಿ, "ನಿಮಗ ಮಕ್ಕಳೆಷ್ಟ್ರಿ?" ಎಂದು ಸಹಜವಾಗಿ ಕೇಳಿದರು. ಕಾಲುವೆ ಕಚೇರಿಯಲ್ಲಿ ಒಂದು ದಿನವೂ ಸುಳ್ಳು ಬರೆಯದ ಅಪ್ಪ, "ಇಬ್ಬರಿದ್ರು. ಹಿರೇಕಿ ಮುತ್ತೈದಿಯಾಗಿ ತೀರಿಕೊಂಡ್ಲು" ಎಂದರು.

ಅಡಿಗೆಮನೆಯಲ್ಲಿ ಅಕ್ಕ ರುಬ್ಬುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಅವರು ಹೋದ ಮೇಲೆ ನಾನು ಈ ಮದುವೆ ಬೇಡವೇ ಬೇಡ ಎಂದು ಕೂಗಾಡಿದೆ. ನನ್ನ ಬಾಯಿ ಹಿಡಿದವಳು ಅಕ್ಕನೇ. "ಸುಮ್ನಿರಲೇ. ನಾ ಅಂದ ಮಾತಿನಿಂದ ನಿನಗ ಬಾಗಿಲು ಮುಚ್ಚಿತ್ತು. ತೆರೀತಿದ್ರ ತೆರೀಲಿ" ಎಂದಳು. ಮದುವೆಯ ದಿನಗಳಲ್ಲಿ ಅವಳನ್ನು ಪಾಪಿನಾಯಕನಹಳ್ಳಿಯಲ್ಲಿ ಅಪ್ಪನಿಗೆ ಗುರುತಿದ್ದ ಒಬ್ಬ ರೈತನ ಮನೆಗೆ ಕಳಿಸಿದರು. ಹೋಗುವ ಮುನ್ನ ನನ್ನ ಕೈಗೆ ಮದರಂಗಿ ಹಚ್ಚಿಹೋದಳು. ಅದು ಆರುವ ಮೊದಲೇ ನಾನು ಅವಳ ಕೈ ಹಿಡಿದುಕೊಂಡು ಚಿತ್ತಾರವೆಲ್ಲ ಕಲಸಿಹೋಯಿತು.

ಆದವಾನಿಯ ನಮ್ಮತ್ತೆ ಒಳ್ಳೆಯವರು. ಅದೇ ನನ್ನ ಕರ್ಮ. ಕೆಟ್ಟವರಾಗಿದ್ದರೆ ಜಗಳವಾಡಿ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಪಿತೃಪಕ್ಷದಲ್ಲಿ ಒಂದು ನವಮಿ ಬರುತ್ತದೆ, ಮುತ್ತೈದೆಯಾಗಿ ಸತ್ತವರಿಗೆಂದು ಮಾಡುವುದು. "ಪಾಪ, ನಿಮ್ಮಕ್ಕಗ ಅತ್ತಿಮನ್ಯಾಗ ಮಾಡ್ತಾರೋ ಇಲ್ಲೋ, ನೀನಾದ್ರೂ ಆಕಿ ಹೆಸರಿಲೆ ಒಬ್ಬ ಮುತ್ತೈದಿಗೆ ಉಡಿ ತುಂಬವ್ವ" ಎಂದು ಅವರೇ ಕುಪ್ಪಸದ ಖಣ, ಅರಿಶಿನ, ಕುಂಕುಮ ತಂದಿಡುತ್ತಿದ್ದರು. ಬದುಕಿದ್ದ ಅಕ್ಕನಿಗೆ ನಾನು ಪ್ರತಿ ವರ್ಷ ಸತ್ತವರ ಉಡಿ ತುಂಬಿದೆ. ತುಂಬುವಾಗ ಒಳಗೊಳಗೇ 'ನೂರು ವರ್ಷ ಬಾಳು, ನೂರು ವರ್ಷ ಬಾಳು' ಎಂದು ಬೇಡಿಕೊಳ್ಳುತ್ತಿದ್ದೆ. ಎದುರಿಗೆ ಕೂತ ಮುತ್ತೈದೆ ನನ್ನ ಕಣ್ಣೀರು ನೋಡಿ ಸಮಾಧಾನ ಹೇಳುತ್ತಿದ್ದಳು.

ಮೊದಲ ಬಾಣಂತನಕ್ಕೆ ಹೊಸಪೇಟೆಗೆ ಹೋದಾಗ ಅಕ್ಕನ ಮುಖಕ್ಕೂ ಬಿಳಿ ಏರಿತ್ತು. ಮೈಯಲ್ಲಿ ಇನ್ನು ಹಳೆಯ ಬಣ್ಣವೇ ಮಚ್ಚೆಯಾಗಿ ಅಲ್ಲಲ್ಲಿ ಉಳಿದಿತ್ತು. "ನೋಡು, ದೊರಿಸಾನಿ ಆಗೀನಿ. ಇನ್ನ ರೈಲಿನಾಗ ಫಸ್ಟ್ ಕ್ಲಾಸ್‌ನ್ಯಾಗ ಕುಂದ್ರಬಹುದು" ಎಂದು ನಗಿಸಿದಳು. ನನ್ನ ಮಗಳನ್ನು ಎಣ್ಣೆ ಹಚ್ಚಿ ಮೀಯಿಸಿದ್ದು, ತೊಡೆಯ ಮೇಲೆ ಮಲಗಿಸಿಕೊಂಡು ಪಾತರಗಿತ್ತಿ ತೋರಿಸಿದ್ದು ಅವಳೇ. ಆದರೆ ತೊಟ್ಟಿಲ ಶಾಸ್ತ್ರಕ್ಕೆ ಆದವಾನಿಯವರು ಬರುವ ಹಿಂದಿನ ದಿನ ತಾನೇ ಗಂಟು ಕಟ್ಟಿಕೊಂಡು ಪಾಪಿನಾಯಕನಹಳ್ಳಿಯ ದಾರಿ ಹಿಡಿದಳು. ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. "ಎಷ್ಟು ಸಲ ಸಾಯಸ್ತೀರಿ ಅಪ್ಪಾ ಆಕಿನ್ನ?" ಎಂದೆ. ಅವರು ಮೊಣಕಾಲ ಮೇಲೆ ತಲೆ ಇಟ್ಟು ಮಗುವಿನ ಹಾಗೆ ಅತ್ತರು. ನನಗೆ ಕನಿಕರ ಬರಲಿಲ್ಲ, ಇನ್ನೂ ಸಿಟ್ಟು ಬಂತು.

ಕೆಲವು ವರ್ಷಗಳ ಮೇಲೆ, ಒಂದು ಮಳೆಗಾಲ, ನಮ್ಮ ಬೀದಿಯವರೊಬ್ಬರು ಹತ್ತಿಯ ಕೆಲಸಕ್ಕೆ ಆದವಾನಿಗೆ ಬಂದಿದ್ದರು. ನಾನು ಬಾವಿಯ ಹತ್ತಿರ ಇದ್ದೆ. ಹಿತ್ತಲ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದರು: "ನಿಮ್ಮಕ್ಕ ಹೋಗಿಬಿಟ್ಲವ್ವ. ಚಳಿಜ್ವರ. ಮೊನ್ನೆ ಬೆಳಿಗ್ಗಿ." ಹೇಳಿ, ಯಾರೂ ನೋಡುವ ಮೊದಲೇ ಹೊರಟರು. ಒಳ್ಳೆಯ ಮನುಷ್ಯ, ನಮ್ಮ ಮನೆಯ ಸುಳ್ಳು ಅವರಿಗೂ ಗೊತ್ತಿತ್ತು.

ಸಾವಿನ ಸುದ್ದಿ ಕೇಳಿದರೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಒಡಹುಟ್ಟಿದವಳಿಗೆ ಅಷ್ಟಾದರೂ ಮಾಡಬೇಕು. ನಾನು ಸೇದಿಟ್ಟ ಕೊಡದ ಮುಂದೆ ನಿಂತೆ. ಒಮ್ಮೆ ಸತ್ತವಳಿಗೆ ಮತ್ತೆ ನೀರು ಹಾಕಿಕೊಂಡರೆ ಎಲ್ಲರಿಗೂ ತಿಳಿಯುತ್ತದೆ. ಅಪ್ಪನ ಮಾತು ಹೋಗುತ್ತದೆ, ನನ್ನ ಮಗಳ ಮೈಯನ್ನು ಈ ಮನೆಯವರೂ ಶುಕ್ರವಾರ ಶುಕ್ರವಾರ ನೋಡತೊಡಗುತ್ತಾರೆ. ಎಲ್ಲವೂ ಗೊತ್ತಿತ್ತು. ಕೊಡ ಎತ್ತಿ ಉಟ್ಟ ಸೀರೆಯಲ್ಲೇ ನೆತ್ತಿಯ ಮೇಲೆ ಸುರಿದುಕೊಂಡೆ.

ಸದ್ದಿಗೆ ಅತ್ತೆ ಹೊರಗೆ ಬಂದರು. "ಅಯ್ಯ, ಯಾರು ಹೋದ್ರವ್ವ?"

"ನಮ್ಮಕ್ಕ."

"ನಿಮ್ಮಕ್ಕ ಹೋಗಿ ಎಷ್ಟು ವರ್ಷಾತಲ್ಲ?" ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಲು ಕೈ ಚಾಚಿದರು.

"ಇಲ್ಲ್ರಿ. ಈಗ ಹೋದ್ಲು. ಮೊನ್ನಿತನಕಾ ಇದ್ಲು."

ಚಾಚಿದ ಕೈ ಹಾಗೇ ನಿಂತಿತು. ನಾನು ಇನ್ನೊಂದು ಕೊಡ ಸೇದಿದೆ. ಅಕ್ಕ ಇದ್ದಳು ಎಂದು ಆ ಮನೆಯಲ್ಲಿ ಹೇಳಲು ಅವಳು ಸಾಯಬೇಕಾಯಿತು.